ಕಂದಾಯ ಜಾಸ್ತಿ ಮಾಡಲಾ ಅಂತ ಊರು ಕೇಳುತ್ತಿದೆ, ಬಂದು ಉತ್ತರ ಹೇಳಿ

ಮೊನ್ನೆ ಬೆಂಗಳೂರಿಂದ ಅಪ್ಪ ಫೋನ್ ಮಾಡಿದಾಗ ನಮ್ಮೂರಿನ ವೋಟಿನ ವಿಷಯ ಹೇಳಿದೆ. "ಕಂದಾಯ ಜಾಸ್ತಿ ಮಾಡಲಾ ಅಂತ ನಿಮ್ಮನ್ನೇ ಕೇಳ್ತಾರೇನೋ?" ಅಂದರು. ಅವರಿಗೆ ನಂಬಿಕೆಯೇ ಬರಲಿಲ್ಲ. ಶೇ 5ರ ರಿಯಾಯಿತಿ ತಪ್ಪಬಾರದು ಅಂತ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಮನೆ ಕಂದಾಯ ಕಟ್ಟಿಬಿಡುವವರು ಅವರು. ಎಷ್ಟಿರಬೇಕು ಅಂತ ಅವರನ್ನು ಯಾರೂ ಕೇಳಿದ್ದಿಲ್ಲ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲಂತೂ ವರ್ಷಗಟ್ಟಲೆ ಹೋಗಿ ಕೇಳೋಣ ಅಂದರೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ.

ನಾವಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್‌ ಪಶ್ಚಿಮಕ್ಕಿರುವ ಒಂದು ಊರಲ್ಲಿ. ಮುಂದಿನ ಮಂಗಳವಾರ ವೋಟು. ಇಲ್ಲಿ 1980ರಲ್ಲಿ ಜನರೇ ವೋಟು ಹಾಕಿ ತಂದ ಒಂದು ಕಾನೂನಿದೆ, ಪ್ರೊಪೊಸಿಷನ್ ಟೂ ಅಂಡ್ ಎ ಹಾಫ್. ಊರು ಒಟ್ಟು ಎತ್ತುವ ಕಂದಾಯದ ಮಿತಿ ವರ್ಷಕ್ಕೆ ಶೇ 2.5ಕ್ಕಿಂತ ಜಾಸ್ತಿ ಏರುವಂತಿಲ್ಲ. ಹೊಸ ಮನೆ, ಅಂಗಡಿ ಕಟ್ಟಿದರೆ ಅದು ಬೇರೆ ಲೆಕ್ಕ. ಮಿತಿ ದಾಟಬೇಕಾದರೆ ಊರಿನವರ ಒಪ್ಪಿಗೆ ಬೇಕು. ಓವರ್‌ರೈಡ್ ಅಂದರೆ ಆ ಏರಿಕೆ ಶಾಶ್ವತ. ಡೆಟ್ ಎಕ್ಸ್‌ಕ್ಲೂಷನ್ ಅಂದರೆ ಸಾಲ ತೀರುವ ತನಕ ಮಾತ್ರ. ನಮ್ಮ ಮುಂದಿರುವುದು ಎರಡನೆಯದು. ಪ್ರೈಮರಿ ಸ್ಕೂಲಿಗೆ ಹೊಸ ಕಟ್ಟಡ ಬೇಕು.

ಈಗಿನ ಕಟ್ಟಡ ಒಳಗೆ ಹೋಗಿ ನೋಡಿದವರಿಗೆ ನಾನು ಹೆಚ್ಚೇನೂ ಹೇಳಬೇಕಿಲ್ಲ. ಮಾರ್ಚ್‌ನಲ್ಲಿ ಹಿಮ ಕರಗುವಾಗ ಮಗಳ ಕ್ಲಾಸ್ ಮುಂದಿನ ಕಾರಿಡಾರ್‌ನಲ್ಲಿ ಮೂರು ಬಕೆಟ್ ಇಟ್ಟಿದ್ದರು. ಒಂದರ ಸುತ್ತ ಹಳೇ ಟವೆಲ್ ಸುತ್ತಿತ್ತು, ಹನಿ ಸಿಡಿಯದಿರಲಿ ಅಂತ. ಮಕ್ಕಳು ಆ ಬಕೆಟ್‌ಗಳನ್ನು ಸುತ್ತುಹಾಕಿ ಸಾಲಾಗಿ ಊಟಕ್ಕೆ ಹೋಗುತ್ತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ. ಅಷ್ಟು ರೂಢಿಯಾಗಿದೆ ಅವರಿಗೆ. ನನಗೆ ಹೊಟ್ಟೆ ಉರಿದಿದ್ದು ಅದಕ್ಕೇ.

ಇನ್ನೊಂದು ಮಾತು. ಈ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಶೇ 6.25. ಅದರಲ್ಲಿ ನಾವು ಖರ್ಚು ಮಾಡುವ ಪ್ರತಿ ಡಾಲರಿಗೆ ಒಂದು ಸೆಂಟ್ ಶಾಲಾ ಕಟ್ಟಡಗಳ ನಿಧಿಗೆ ಹೋಗುತ್ತದೆ. ಅಲ್ಲಿಂದಲೇ ಎಂಎಸ್‌ಬಿಎ ಅನ್ನುವ ರಾಜ್ಯದ ಸಂಸ್ಥೆ ಹೊಸ ಕಟ್ಟಡದ ಖರ್ಚಿನಲ್ಲಿ ಒಂದು ಪಾಲು ಕೊಡುತ್ತದೆ. ಆದರೆ ಉಳಿದ ಪಾಲಿಗೆ ಊರು ಒಪ್ಪಬೇಕು. ಒಪ್ಪದಿದ್ದರೆ ನಮ್ಮ ಸರದಿ ಕೈತಪ್ಪಬಹುದು. ಅಂಗಡಿಯಲ್ಲಿ ನಾವು ವರ್ಷಾನುಗಟ್ಟಲೆ ಕಟ್ಟಿದ ಸೆಂಟ್‌ಗಳು ಪಕ್ಕದೂರಿನ ಸ್ಕೂಲಿಗೆ ಹೋಗುತ್ತವೆ.

ಆದ್ದರಿಂದ ನನ್ನ ವೋಟು ಯೆಸ್.

ಹಾಗಂತ ನೋ ಅನ್ನುವವರನ್ನು ಸ್ವಾರ್ಥಿಗಳು ಅಂತ ಬೈಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಒಬ್ಬರೇ ಇದ್ದಾರೆ, ಎಪ್ಪತ್ತು ದಾಟಿದೆ. ಮೂರು ತಿಂಗಳಿಗೊಮ್ಮೆ ಬರುವ ಕಂದಾಯದ ಬಿಲ್ಲನ್ನು ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿರುತ್ತಾರೆ. ಪೆನ್ಸಿಲ್‌ನಲ್ಲಿ ಅದರ ಮೇಲೇ ಕೂಡಿ ಕಳೆದಿರುತ್ತಾರೆ. ಮನೆ ಬೆಲೆಯ ಪ್ರತಿ ಸಾವಿರ ಡಾಲರಿಗೆ ಕಂದಾಯ ಒಂದು ಡಾಲರ್ ಏರಿದರೂ 6 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 600 ಡಾಲರ್ ಜಾಸ್ತಿ. ಮನೆಗೆ ಬೆಲೆ ಬಂದಿದೆ ನಿಜ, ಆದರೆ ಗೋಡೆ ಕಿತ್ತು ಕಂದಾಯ ಕಟ್ಟೋಕೆ ಆಗಲ್ಲ, ಅಲ್ವಾ? 65 ದಾಟಿದ, ಆದಾಯ ಕಡಿಮೆ ಇರುವವರು ಮನೆ ಮಾರುವ ತನಕ ಕಂದಾಯ ಮುಂದೂಡಬಹುದು. ಆದರೆ ಅದಕ್ಕೆ ಬಡ್ಡಿ ಶೇ 8ರ ತನಕ ಇರಬಹುದು. ಅದನ್ನು ಇಳಿಸುವ ಅಧಿಕಾರ ಊರಿಗಿದೆ. ಯೆಸ್ ಅನ್ನುವ ನಾವೇ ಟೌನ್ ಮೀಟಿಂಗ್‌ನಲ್ಲಿ, ಅಂದರೆ ಊರಿನ ವಿಷಯಗಳನ್ನು ವೋಟು ಹಾಕಿ ತೀರ್ಮಾನಿಸುವ ಸಭೆಯಲ್ಲಿ, ನಿಂತು ಬಡ್ಡಿ ಇಳಿಸಿ ಅಂತಲೂ ಕೇಳಬೇಕು. ಸ್ಕೂಲು ಬೇಕು ಅನ್ನುವವರಿಗೆ ಆ ಜವಾಬ್ದಾರಿ ಇದೆ.

ಮತ್ತೆ, ಬ್ಯಾಲೆಟ್ ಮೇಲಿನ ಪ್ರಶ್ನೆಯಲ್ಲಿ ಮೊತ್ತವೇ ಇರುವುದಿಲ್ಲ. ಇಂಥ ಕಟ್ಟಡದ ಸಾಲವನ್ನು ಮಿತಿಯಿಂದ ಹೊರಗಿಡಬಹುದಾ ಅಂತ ಕೇಳಿರುತ್ತಾರೆ, ಅಷ್ಟೇ. ಹೊರೆ ಎಷ್ಟು ಅಂತ ತಿಳಿಯಬೇಕಾದರೆ ಟೌನ್ ಹಾಲ್‌ನವರು ಹಾಕಿರುವ ಲೆಕ್ಕ ನೋಡಬೇಕು. ದಯವಿಟ್ಟು ಮನೆಯಲ್ಲೇ ನೋಡಿಕೊಂಡು ಬನ್ನಿ.

ಯುಗಾದಿ ಊಟಕ್ಕೆ ಕೂತಾಗ ಗೆಳೆಯನೊಬ್ಬ ಅಂದ, "ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆ ಮಾರಿ ಹೋಗೋರು ನಾವು. ನಮಗ್ಯಾಕೆ ಮಾರಾಯ?" ಅವನಿಗೆ ವೋಟಿದೆ. ಅದೇ ಸಾಲಿನಲ್ಲಿ ಹೋಳಿಗೆ ತಿನ್ನುತ್ತಿದ್ದ ಎಷ್ಟೋ ಜನರಿಗೆ ಇಲ್ಲ. ಎಚ್1ಬಿ ವೀಸಾದಲ್ಲಿದ್ದಾರೆ, ಗ್ರೀನ್ ಕಾರ್ಡಿಗೆ ಕಾಯುತ್ತಿದ್ದಾರೆ. ಮನೆ ಇದೆ, ಕಂದಾಯ ಕಟ್ಟುತ್ತಾರೆ, ಮಕ್ಕಳು ಅದೇ ಕಾರಿಡಾರ್‌ನಲ್ಲಿ ನಡೆಯುತ್ತಾರೆ. ನಾನೂ ಹನ್ನೊಂದು ವರ್ಷ ಹಾಗೇ ಇದ್ದೆ. ಟೌನ್ ಮೀಟಿಂಗ್‌ನಲ್ಲಿ ವೋಟಿಲ್ಲದವರಿಗೆ ಅಂತ ಬೇರೆ ಹಾಕಿದ ಕುರ್ಚಿಯಲ್ಲಿ ಕೂತು, ಬೇರೆಯವರು ಕೈ ಎತ್ತುವುದನ್ನು ನೋಡಿ ಬಂದಿದ್ದೇನೆ. ಅಲ್ಲಿಂದಲೂ ಅನುಮತಿ ಕೇಳಿ ಮಾತಾಡಬಹುದು ಅಂತ ನನಗೆ ತಡವಾಗಿ ಗೊತ್ತಾಯಿತು. ಈಗ ಆ ಕುರ್ಚಿಯಲ್ಲಿರುವವರು ಮಾತಾಡಿ.

ವೋಟಿರುವವರು ಸುಮ್ನೆ ಮನೆಯಲ್ಲಿ ಕೂರಬೇಡಿ. ಮಂಗಳವಾರ ಸಂಜೆ ಐದಕ್ಕೆ ನಾನು ಹೊರಡುತ್ತೇನೆ. ಮುಂದಿನ ಸೀಟಲ್ಲಿ ಪಕ್ಕದ ಮನೆ ಅಜ್ಜಿ ಬರುತ್ತಾರೆ, ಅವರ ವೋಟು ನೋ. ಹಿಂದೆ ಮೂರು ಜನಕ್ಕೆ ಜಾಗ ಇದೆ, ಯಾರು ಬರುತ್ತೀರಿ ಹೇಳಿ.