ಬೇಗ ಮುಗಿಸಿದವನಿಗೆ ಇನ್ನೊಂದು ಮೂಟೆ

ಪಾರ್ಸೆಲ್ ತರುವವರು ಲೇಟ್ ಮಾಡುತ್ತಾರೆ ಅಂತ ಬಯ್ಯುವವರೇ ಜಾಸ್ತಿ. ನನ್ನ ತಕರಾರು ಉಲ್ಟಾ. ಅವರು ಇಷ್ಟು ಬೇಗ ಬೇಗ ಕೆಲಸ ಮುಗಿಸಲೇಬಾರದು.

ನಮ್ಮ ಚಿಕ್ಕಪ್ಪನ ಮಗ ಜಯನಗರದ ಕಡೆ ಟಾಟಾ ಏಸ್‌ನಲ್ಲಿ ಪಾರ್ಸೆಲ್ ಹಂಚುತ್ತಾನೆ, ತಿಂಗಳ ಸಂಬಳಕ್ಕೆ. ಹೊಸದರಲ್ಲಿ ಊಟ ಬಿಟ್ಟು, ಮೆಟ್ಟಿಲು ಹಾರಿ, ಮೂರು ಗಂಟೆಗೆಲ್ಲ ಗಾಡಿ ಖಾಲಿ ಮಾಡಿಕೊಂಡು ಬರುತ್ತಿದ್ದ. ಸೂಪರ್‌ವೈಸರ್ ಭೇಷ್ ಅಂದರು. ಮುಂದಿನ ವಾರ ಪಕ್ಕದ ಬಡಾವಣೆಯ ಮೂಟೆಯೂ ಇವನ ಗಾಡಿಗೇ ಬಂತು, ಸಂಬಳ ಮಾತ್ರ ಅಷ್ಟೇ! ಅದನ್ನೂ ಓಡಿ ಮುಗಿಸಿದ. ಆಮೇಲೆ ಅದೇ ಲೆಕ್ಕ ಹಬ್‌ನಲ್ಲಿರುವ (ಪಾರ್ಸೆಲ್ ತುಂಬಿಕೊಂಡು ಹೊರಡುವ ಗೋಡೌನ್) ಎಲ್ಲರ ತಲೆಗೆ ಬಿತ್ತು. 'ನೀನು ಓಡಿದ್ದು ನಮ್ಮ ಮಂಡಿಗೆ ಬಂತಲ್ಲೋ ತಮ್ಮಾ' ಅಂತ ಅಲ್ಲಿನ ಹಿರಿಯ ಡ್ರೈವರ್ ಒಬ್ಬರು ಬೈದರಂತೆ. ಸರಿಯಾಗೇ ಬೈದಿದ್ದಾರೆ.

ಬೈಕ್ ಹುಡುಗರ ಲೆಕ್ಕ ಬೇರೆ, ಒಪ್ಪುತ್ತೇನೆ. ಪಾರ್ಸೆಲ್‌ಗೆ ಇಷ್ಟು ಅಂತ ದುಡ್ಡು ಸಿಗುವಾಗ ನಿಧಾನ ಮಾಡಪ್ಪಾ ಅನ್ನೋಕೆ ನಾನ್ಯಾರು? ಆದರೆ ಅಲ್ಲೂ ಟೈಮ್ ಉಳಿಯುವುದು ಗಾಡಿ ಓಡಿಸುವುದರಲ್ಲಿ ಅಲ್ಲ. ಬೆಳಗ್ಗೆ ಹಬ್‌ನಲ್ಲಿ ಸ್ವಲ್ಪ ಹೊತ್ತು ಕೂತು, ಕ್ರಾಸ್ ಪ್ರಕಾರ ಜೋಡಿಸಿ, ಮೊದಲು ಕೊಡಬೇಕಾದ್ದನ್ನು ಮೇಲೆ ಇಟ್ಟುಕೊಂಡವನು ಮಧ್ಯಾಹ್ನಕ್ಕೆ ನಿರಾಳ. ಸುಮ್ನೆ ತುರುಕಿಕೊಂಡು ಹೊರಟವನು ಪ್ರತಿ ಗೇಟಿನ ಮುಂದೆಯೂ ಚೀಲ ತಡಕಾಡುತ್ತಾ ನಿಲ್ಲುತ್ತಾನೆ. ನಮ್ಮ ಬೆಂಗಳೂರಿನ ವಿಳಾಸಗಳೂ ಹಾಗೇ ಇವೆ ಬಿಡಿ. ಜಯನಗರದಲ್ಲಿ 4ನೇ ಬ್ಲಾಕೂ ಇದೆ, 4ನೇ ಟಿ ಬ್ಲಾಕೂ ಇದೆ, ವಿಳಾಸದಲ್ಲಿ ಆ ಒಂದು 'ಟಿ' ಬಿಟ್ಟು ಬರೆದು ಆಮೇಲೆ ಫೋನ್ ಎತ್ತದ ಮಹಾನುಭಾವರು ನಾವೇ ಅಲ್ವಾ?

ಇನ್ನೊಂದು ಚಾಳಿ ಇದೆ. ಸಂಜೆ ಸುಸ್ತಾದಾಗ ಫೋನೂ ಮಾಡದೆ ಆ್ಯಪ್‌ನಲ್ಲಿ 'ಗ್ರಾಹಕರು ಸಿಗಲಿಲ್ಲ' ಅಂತ ಒತ್ತಿಬಿಡುವುದು. ಇವತ್ತಿಗೆ ಹಗುರ, ಆದರೆ ಅದೇ ಡಬ್ಬಿ ನಾಳೆ ಹೊಸ ಲೋಡಿನ ಮೇಲೆ ಕೂತು ಬರುತ್ತದೆ. ಅದೇ ಬೀದಿಗೆ ಮತ್ತೆ ಹೋಗಬೇಕು, ಪೆಟ್ರೋಲ್ ಅವನದೇ, ಕೊಟ್ಟರೆ ಮಾತ್ರ ದುಡ್ಡು ಅನ್ನುವ ಕಡೆ ಮೊದಲ ಸಲದ ಓಡಾಟ ಪೂರ್ತಿ ಬಿಟ್ಟಿ. ಹಿಂದಿನ ಗಲ್ಲಿಯಲ್ಲಿರುವಾಗಲೇ ಒಂದು ಫೋನ್ ಮಾಡುವವನಿಗೆ, ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯವರ ಜೊತೆ ನಾಲ್ಕು ಮಾತಾಡಿ ಇಟ್ಟುಕೊಂಡವನಿಗೆ ಈ ತಾಪತ್ರಯ ಎಷ್ಟೋ ಕಮ್ಮಿ.

2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕೆಲಸಗಾರರಿಗೆ, ಅಂದರೆ ಆ್ಯಪ್ ಮೂಲಕ ಮಾಡಿದ ಕೆಲಸಕ್ಕೆ ಇಷ್ಟು ಅಂತ ದುಡ್ಡು ಪಡೆಯುವವರಿಗೆ, ಕಾಯ್ದೆ ಬಂತು. ಅವರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು 14 ದಿನದ ನೋಟಿಸ್ ಕೊಡಬೇಕು. ಒಳ್ಳೆಯದೇ ಆಯ್ತು. ಆದರೆ ನಮ್ಮ ಹುಡುಗನ ಹಬ್‌ನಲ್ಲಿ ನಾಳೆಯ ಲೋಡ್ ಎಷ್ಟು ಅಂತ ತೀರ್ಮಾನ ಆಗುವುದು ಇವತ್ತು ಗಾಡಿ ಎಷ್ಟು ಗಂಟೆಗೆ ವಾಪಸ್ ಬಂತು ಅನ್ನುವುದರ ಮೇಲೆ.

ಈಗ ಅವನು ಒಂದೂವರೆಗೆ ಗಾಡಿ ನಿಲ್ಲಿಸಿ ಕೂತು ಊಟ ಮಾಡುತ್ತಾನೆ, ಹಬ್‌ಗೆ ಬರುವುದು ಐದರ ಮೇಲೆ. ಸ್ಲೋ ಆಗಿದ್ದೀಯಾ ಅಂತ ಬೈಸಿಕೊಂಡಿದ್ದಾನೆ, ಆದರೆ ಅವತ್ತಿನಿಂದ ಲೋಡ್ ಏರಿಲ್ಲ. ಮ್ಯಾಪ್‌ನಲ್ಲಿ ಗಾಡಿ ನಿಂತಲ್ಲೇ ನಿಂತಿದೆ ಅಂತ ಅದೇ ಹೊತ್ತಿಗೆ ಕಸ್ಟಮರ್ ಕೇರ್‌ಗೆ ಕಂಪ್ಲೇಂಟ್ ಮಾಡುವವರು ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲೇ ಇದ್ದಾರೆ. ಮಾಡಬೇಡ್ರಪ್ಪಾ, ಉಣ್ಣಲಿ ಬಿಡಿ.