ಯಾರಿಗೂ ಹೇಳಬೇಡಿ, ನಮಗೆ ಮಾತ್ರ ಹೇಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸೈಬರ್ ಜಾಗೃತಿಯ ಸುಗ್ಗಿ. ಇವತ್ತು ಕಾಲೇಜಿನಲ್ಲಿ, ನಾಳೆ ಕಲ್ಯಾಣ ಮಂಟಪದಲ್ಲಿ, ನಾಡಿದ್ದು ಯಾವುದೋ ಮಹಿಳಾ ಮಂಡಳದಲ್ಲಿ. ಎಲ್ಲ ಕಡೆ ನಡೆಯುವ ರೀತಿ ಒಂದೇ. ಬಾಗಿಲಿಗೆ ಒಂದು ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಅದನ್ನು ಸ್ಕ್ಯಾನ್ ಮಾಡಬೇಕು. ಹೆಸರು, ಊರು, ಹುಟ್ಟಿದ ದಿನ, ಮೊಬೈಲ್ ನಂಬರ್ ತುಂಬಬೇಕು. ಓಟಿಪಿ ಬರುತ್ತದೆ. ಅದನ್ನು ಹಾಕಿದವರಿಗೆ ಮಾತ್ರ ಒಳಗೆ ಕುರ್ಚಿ, ಆಮೇಲೆ ಉಪ್ಪಿಟ್ಟು-ಶಿರಾ.

ಒಳಗೆ ಹಾವೇರಿಯ ಏಲಕ್ಕಿ ಹಾರ ಹಾಕಿಕೊಂಡ ಅತಿಥಿಗಳು ಮೈಕ್ ಹಿಡಿದಿರುತ್ತಾರೆ. “ಸಿಕ್ಕ ಸಿಕ್ಕ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಗೊತ್ತಿಲ್ಲದ ಕಡೆ ಓಟಿಪಿ ಹಾಕಬೇಡಿ.” ಜೋರು ಚಪ್ಪಾಳೆ. ಕೊನೆಗೆ ವಂದನಾರ್ಪಣೆಯವರು ಎದ್ದು ನಿಲ್ಲುತ್ತಾರೆ. “ಸರ್ಟಿಫಿಕೇಟ್ ಬೇಕಾದವರು ವಾಟ್ಸಾಪಿಗೆ ಬಂದಿರೋ ಲಿಂಕ್ ಒತ್ರಿ. ಸಂಜಿ ಆರಕ್ಕ ಕ್ಲೋಸ್ ಆಗತೈತಿ, ಲಗೂ ಮಾಡ್ರಿ.” ಜನ ಲಗೂ ಮಾಡುತ್ತಾರೆ. ಲಿಂಕ್ ಒತ್ತಬಾರದು ಎಂದು ಕಲಿತಿದ್ದಕ್ಕೆ ಲಿಂಕ್ ಒತ್ತಿ ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತಾರೆ. (ಅದರಲ್ಲಿ ಹೆಸರು ತಪ್ಪಿರುತ್ತದೆ. ಅದು ಬೇರೆ ಮಾತು.)

“ಇಷ್ಟು ಹೇಳಿದರೂ ಜನ ಯಾಕೆ ಮೋಸ ಹೋಗುತ್ತಾರೆ?” ಎಂದು ಅತಿಥಿಗಳು ಕಾರು ಹತ್ತುವಾಗ ಬೇಜಾರು ಮಾಡಿಕೊಳ್ಳುತ್ತಾರೆ. ಯಾಕೆ ಅಂದರೆ, ಪ್ರಾಮಾಣಿಕರು ನಮಗೆ ಅಷ್ಟು ಚೆನ್ನಾಗಿ ರೂಢಿ ಮಾಡಿಸಿದ್ದಾರೆ.

ನವನಗರದ ಯಾವುದೇ ಮನೆಯ ಒಂದು ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಹುಡುಗ ಗೇಟಿನಲ್ಲಿ ನಿಂತು ಕೂಗುತ್ತಾನೆ.

“ಅಕ್ಕಾರ, ಮೆಸೇಜ್ ಬಂದೈತಿ ನೋಡ್ರಿ, ನಂಬರ್ ಹೇಳ್ರಿ.”

“ಯಾರಿಗೂ ಹೇಳಬ್ಯಾಡ್ರಿ ಅಂತ ಟಿವ್ಯಾಗ ಹೇಳತಾರಲ್ಲೋ ತಮ್ಮಾ?”

“ನನಗ ಹೇಳಬಹುದ್ರಿ ಅಕ್ಕಾರ.”

ಹೇಳದಿದ್ದರೆ ಸಿಲಿಂಡರ್ ವಾಪಸ್ ಹೋಗುತ್ತದೆ. ಹೇಳುತ್ತಾರೆ. ಹನ್ನೊಂದಕ್ಕೆ ಪಾರ್ಸೆಲ್ ಹುಡುಗ ಬರುತ್ತಾನೆ, ಅವನಿಗೂ ಒಂದು ನಂಬರ್. ಮಧ್ಯಾಹ್ನ ಬಟ್ಟೆ ಅಂಗಡಿಯಲ್ಲಿ ಎರಡು ಟವೆಲ್ ತಗೊಂಡರೆ ಬಿಲ್ ಮಾಡುವವನು ತಲೆ ಎತ್ತದೆ “ಮೊಬೈಲ್ ನಂಬರ್?” ಅನ್ನುತ್ತಾನೆ. ಟವೆಲ್ಲಿಗೂ ಮೊಬೈಲಿಗೂ ಏನು ಸಂಬಂಧ ಎಂದು ಕೇಳುವಷ್ಟು ಹೊತ್ತು ಹಿಂದೆ ನಿಂತ ಸಾಲಿಗೆ ಇಲ್ಲ. ಸಂಜೆ ಆಸ್ಪತ್ರೆಯ ಚೀಟಿಗೆ ಮತ್ತೊಂದು ಓಟಿಪಿ. ರಾತ್ರಿ ಒಬ್ಬ ಫೋನ್ ಮಾಡಿ, ಮೇಡಂ, ಒಂದು ನಂಬರ್ ಬಂದಿದೆ ನೋಡಿ ಅನ್ನುತ್ತಾನೆ. ಅವನೇನು ಹೊಸದು ಕೇಳಿದ? ಅವನು ಆ ದಿನದ ಸಾಲಿನಲ್ಲಿ ಕೊನೆಯವನು, ಅಷ್ಟೇ.

ಬ್ಯಾಂಕುಗಳದ್ದು ಇನ್ನೊಂದು ಕಥೆ. ನಾವು ಎಂದೂ ಲಿಂಕ್ ಕಳಿಸುವುದಿಲ್ಲ ಎನ್ನುವ ಮೆಸೇಜಿನ ಕೆಳಗೆ ಹೆಚ್ಚಿನ ಮಾಹಿತಿಗೆ ಒಂದು ಲಿಂಕ್ ಇರುತ್ತದೆ. ಕೆವೈಸಿ ಮಾಡಿಸದಿದ್ದರೆ ಖಾತೆ ಸ್ಥಗಿತ ಎಂದು ಅಸಲಿಯವರೂ ಹೆದರಿಸುತ್ತಾರೆ, ನಕಲಿಯವರೂ ಹೆದರಿಸುತ್ತಾರೆ. ಅಸಲಿ ಕೌಂಟರಿಗೆ ಹೋದರೆ ಹಿಂದಿಯಲ್ಲಿ “ಕಲ್ ಆಯಿಯೇ” ಅನ್ನುತ್ತಾರೆ. ನಕಲಿಯವನು ಈಚೆಗೆ ಕನ್ನಡ ಕಲಿತಿದ್ದಾನೆ. ಊಟದ ಹೊತ್ತು ಅನ್ನುವುದಿಲ್ಲ, ಸರ್ವರ್ ಡೌನ್ ಅನ್ನುವುದಿಲ್ಲ, ಫೋನಿಡದೆ ಕೊನೆಯ ಬಟನ್ ಒತ್ತುವ ತನಕ ಜೊತೆಗಿರುತ್ತಾನೆ. ಇಂಥ ಸೇವೆ ಕಂಡಾಗಲೇ ನಮಗೆ ಸಂಶಯ ಬರಬೇಕಿತ್ತು.

ಇವತ್ತು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟ್ ಕಟ್, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎನ್ನುವ ಮೆಸೇಜ್ ದೇಶದ ತುಂಬ ಓಡಾಡಿತು. ನಮ್ಮ ಕಡೆ ಇದು ನಕಲಿ ಎಂದು ಕಂಡುಹಿಡಿಯುವುದು ಸುಲಭ. ಇಲ್ಲಿ ಯಾರು ಹೊತ್ತು ಹೇಳಿ ಕರೆಂಟ್ ತೆಗೆಯುತ್ತಾರೆ?

ಫೇಸ್‌ಬುಕ್ಕಿಗೆ ಬರೋಣ. ಅಲ್ಲಿ ದೊಡ್ಡ ಪೊಲೀಸ್ ಅಧಿಕಾರಿಗಳ, ಜಿಲ್ಲಾಧಿಕಾರಿಗಳ ಫೋಟೋ ಇಟ್ಟುಕೊಂಡ ನಕಲಿ ಖಾತೆಗಳು ವರ್ಷಗಳಿಂದ ಒಂದೇ ಕಥೆ ಹೇಳುತ್ತಿವೆ. ಸಾಹೇಬರಿಗೆ ಸಿಆರ್‌ಪಿಎಫ್‌ನಲ್ಲಿ ಒಬ್ಬ ಗೆಳೆಯ. ಆ ಗೆಳೆಯನಿಗೆ ವರ್ಗ ಆಗಿದೆ. ಸೋಫಾ, ಫ್ರಿಜ್, ವಾಷಿಂಗ್ ಮಶೀನ್ ಎಲ್ಲ ಅರ್ಧಕ್ಕಿಂತ ಕಡಿಮೆ ದರಕ್ಕೆ ಕೊಟ್ಟು ಹೋಗುತ್ತಿದ್ದಾನೆ. ಸಾಗಾಟದ ಖರ್ಚು ಮೊದಲು ಕಳಿಸಿ. ದೇಶದಲ್ಲಿ ಇಷ್ಟು ಸಲ ವರ್ಗವಾದ ಮತ್ತೊಬ್ಬ ನೌಕರ ಇಲ್ಲ. ಅವನ ಸೋಫಾ ಇಷ್ಟು ಊರು ಸುತ್ತಿಯೂ ಫೋಟೋದಲ್ಲಿ ಹೊಸದಾಗಿಯೇ ಇದೆ.

ದುರ್ಗದ ಬೈಲಿನಲ್ಲಿ ಒಂದು ಸಿವುಡು ಮೆಂತ್ಯೆಗೆ ಹತ್ತು ನಿಮಿಷ ಚೌಕಾಸಿ ಮಾಡುವ ಮನುಷ್ಯ, ಕೆಳಗೆ ಕೊಳೆತಿದೆಯಾ ಎಂದು ತಿರುಗಿಸಿ ನೋಡುವ ಮನುಷ್ಯ, ಈ ಸೋಫಾಕ್ಕೆ ನೋಡದೆ ದುಡ್ಡು ಕಳಿಸುತ್ತಾನೆ. ಅದಕ್ಕೂ ಕಾರಣ ಇದೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅಪ್ಪನ ಹೆಸರು ತಿದ್ದಿಸಲು ಅವನು ಕಚೇರಿಗೆ ಅಲೆದಿದ್ದಾನೆ. ಸಾಹೇಬರ ಬಾಗಿಲ ಪರದೆ ಬಿಟ್ಟರೆ ಏನೂ ಕಂಡಿಲ್ಲ. ಈಗ ಅದೇ ಸಾಹೇಬರು ರಾತ್ರಿ ಹತ್ತಕ್ಕೆ ತಾವಾಗಿಯೇ ‘ಹೌ ಆರ್ ಯು’ ಅಂದಿದ್ದಾರೆ. ಇಲ್ಲ ಅನ್ನೋಕೆ ಆಗುತ್ತಾ?

ಷೇರಿನ ಗುಂಪುಗಳನ್ನೂ ಬಿಡುವ ಹಾಗಿಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಊರವರು ಸೇರಿ ಕೃಷಿ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಮೊದಲಿನವುಗಳಲ್ಲಿ ಅದೂ ಒಂದು. ದುಡ್ಡು ಹಾಕುವವನ ಮುಖ ತೆಗೆಯುವವನಿಗೆ ಗೊತ್ತಿದ್ದ ಕಾಲ. ಈಗ ಅದೇ ಸೀಮೆಯವರು ಟೆಲಿಗ್ರಾಮ್‌ನಲ್ಲಿ ವಿಐಪಿ ಗುಂಪು ಸೇರುತ್ತಾರೆ. ಇನ್ನೂರು ಸದಸ್ಯರಿರುತ್ತಾರೆ. ದಿನಾ ಬೆಳಿಗ್ಗೆ ನನಗೆ ನಲವತ್ತು ಸಾವಿರ ಬಂತು, ನನಗೆ ಅರವತ್ತು ಬಂತು ಎಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಇನ್ನೂರರಲ್ಲಿ ಅಸಲಿ ಸದಸ್ಯರು ನೀವೊಬ್ಬರೇ ಎಂಬುದು ದುಡ್ಡು ತೆಗೆಯಲು ಹೋದ ದಿನ ತಿಳಿಯುತ್ತದೆ. ಲಾಭ ಬಿಡಿಸಿಕೊಳ್ಳಲು ಮೊದಲು ತೆರಿಗೆ ಕಟ್ಟಿ ಅನ್ನುತ್ತಾರೆ. ಇದನ್ನೂ ಜನ ನಂಬುತ್ತಾರೆ. ಏನೂ ಸಿಗುವ ಮೊದಲೇ ತೆರಿಗೆ ಕಟ್ಟುವುದು ನಮಗೆ ಹೊಸದಲ್ಲವಲ್ಲ.

ಇಂಥ ಗುಂಪಿಗೆ ದಾರಿ ತೋರುವ ಜಾಹೀರಾತುಗಳು ಎಲ್ಲಿ ಬರುತ್ತವೆ? ನಮ್ಮ ಸುರಕ್ಷತೆಯೇ ತಮ್ಮ ಆದ್ಯತೆ ಎನ್ನುವ ಜಾಲತಾಣಗಳಲ್ಲೇ, ದುಡ್ಡು ಕೊಟ್ಟು. 2025ರ ನವೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಫೇಸ್‌ಬುಕ್, ವಾಟ್ಸಾಪ್ ನಡೆಸುವ ಮೆಟಾ ಕಂಪನಿಯ ಒಳಗಿನ ಕಾಗದಪತ್ರ ನೋಡಿ ಒಂದು ವರದಿ ಮಾಡಿತು. 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆ ಎಂದು ಕಂಪನಿಯೇ ಅಂದಾಜು ಹಾಕಿತ್ತಂತೆ. ಆ ಅಂದಾಜು ಜಾಸ್ತಿಯಾಯಿತು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಸಿದ್ಧಾರೂಢರ ಜಾತ್ರೆಯಲ್ಲಿ ‘ಜೇಬುಗಳ್ಳರಿದ್ದಾರೆ, ಹುಷಾರು’ ಎಂದು ಮೈಕಿನಲ್ಲಿ ಕೂಗುತ್ತಾ, ಅದೇ ಜೇಬುಗಳ್ಳರಿಗೆ ಮಳಿಗೆ ಬಾಡಿಗೆ ಕೊಟ್ಟ ಹಾಗಾಯಿತು ಇದು.

ಇನ್ನು ಡಿಜಿಟಲ್ ಅರೆಸ್ಟ್, ಅಂದರೆ ಪೊಲೀಸರ ವೇಷದಲ್ಲಿ ಫೋನ್ ಮಾಡಿ ನಿಮ್ಮನ್ನು ಬಂಧಿಸಿದ್ದೇವೆ ಎಂದು ಹೆದರಿಸುವುದು. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಅದನ್ನು ಹೇಳಿದರು. ಆದರೂ ಧಾರವಾಡದಂಥ ನಿವೃತ್ತರ ಊರಿನಲ್ಲಿ ಆ ಫೋನಿಗೆ ಈಗಲೂ ಮರ್ಯಾದೆ ಇದೆ. ನಿಮ್ಮ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ ಎಂದು ಶುರು. ಐದು ನಿಮಿಷದಲ್ಲಿ ಮುಂಬೈ ಪೊಲೀಸರು, ಕಸ್ಟಮ್ಸ್, ಸಿಬಿಐ, ರಿಸರ್ವ್ ಬ್ಯಾಂಕ್ ಎಲ್ಲ ಒಂದೇ ಕರೆಯಲ್ಲಿ ಹಾಜರು. ಯಾರೂ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ, ಆ ಕಡೆ ಸ್ಟೇಷನ್ನಿಗೆ ಹೋಗಿ’ ಅನ್ನುವುದಿಲ್ಲ. ಸರ್ಕಾರದ ಇಲಾಖೆಗಳು ಇಷ್ಟು ಹೊಂದಾಣಿಕೆಯಿಂದ ಕೆಲಸ ಮಾಡುವುದನ್ನು ನಮ್ಮ ನಿವೃತ್ತ ಮಾಸ್ತರರು ಸರ್ವೀಸಿನಲ್ಲಿ ಕಂಡಿರಲಿಲ್ಲ. ಕ್ಯಾಮೆರಾ ಮುಂದೆ ಕೈಕಟ್ಟಿ ಕೂರುತ್ತಾರೆ. ಬಂದ ನೋಟಿಸ್ ಅರ್ಥ ಆಗುವುದಿಲ್ಲ. ಅಸಲಿ ನೋಟಿಸೂ ಎಂದೂ ಅರ್ಥ ಆಗಿರಲಿಲ್ಲ. ಎರಡಕ್ಕೂ ಸೀಲು ಇರುತ್ತದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದನ್ನೇ ನಾಗರಿಕತೆ ಎಂದು ಕಲಿಸಿದ ಮೇಲೆ ಎಫ್‌ಡಿ ಮುರಿಯಲು ಎಷ್ಟು ಹೊತ್ತು?

2024ರ ಒಂದೇ ವರ್ಷದಲ್ಲಿ ದೇಶದ ಜನ ಸೈಬರ್ ಮೋಸದಲ್ಲಿ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ ಎಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಉತ್ತರವಾಗಿ ನಮಗೆ ಕಾಲರ್ ಟ್ಯೂನ್ ಸಿಕ್ಕಿತು. ಹೃದಯ ನೋವೆಂದು ಮಗನಿಗೆ ಫೋನ್ ಮಾಡಿದರೂ ಮೊದಲು ಸೈಬರ್ ಪಾಠ, ಆಮೇಲೆ ರಿಂಗು. ಜನ ಬೈದು ಬೈದು 2025ರ ಜೂನ್‌ನಲ್ಲಿ ನಿಂತಿತು. ದುಡ್ಡು ಹೋದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮೊದಲೇ ಬ್ಯಾಂಕಿನವರು ತಡೆಹಿಡಿಯಬಹುದು. ಮಜಾ ಅಂದರೆ ಜನ ಮೊದಲು ಫೋನ್ ಮಾಡುವುದು ಪರಿಚಯದ ಕಾರ್ಪೊರೇಟರಿಗೆ.

ನಮ್ಮ ಗಲ್ಲಿಗೂ ಒಂದು ವಾಟ್ಸಾಪ್ ಗ್ರೂಪ್ ಇದೆ. “ನೀರು ಬಂತೇನ್ರೀ?” ಎಂದು ಕೇಳುವ ಒಂದೇ ಕೆಲಸಕ್ಕೆ ಹುಟ್ಟಿದ್ದು. ನೀರು ದಿನಾ ಬರುವುದಿಲ್ಲ, ಆದ್ದರಿಂದ ಉಳಿದ ದಿನ ಬೇರೆ ಏನಾದರೂ ಬರಬೇಕು. ಮೊನ್ನೆ ಲಗ್ನಪತ್ರಿಕೆ ಬಂತು. ಹೆಸರು ಲಗ್ನಪತ್ರಿಕೆ, ಬಾಲದಲ್ಲಿ ಮಾತ್ರ ಎಪಿಕೆ. ಅಂದರೆ ಅದು ಪತ್ರಿಕೆ ಅಲ್ಲ, ಆ್ಯಪು. ಹಾಕಿಕೊಂಡರೆ ನಿಮ್ಮ ಮೆಸೇಜುಗಳನ್ನೆಲ್ಲ ಓದಿ ಓಟಿಪಿಯನ್ನು ಕದ್ದು ಸಾಗಿಸುತ್ತದೆ. “ಯಾರ ಮನಿ ಲಗ್ನ ಅಂತ ನೋಡಬೇಕಲ್ರೀ” ಎಂದು ಒಬ್ಬ ಕಾಕಾ ಒತ್ತಿಯೇಬಿಟ್ಟರು. ಅವರ ನಂಬರಿನಿಂದ ಅದೇ ಪತ್ರಿಕೆ ಬೀಗರಿಗೆಲ್ಲ ಹೋಯಿತು. ಮೂವತ್ತೆಂಟು ಜನ ತೆರೆಯದೆಯೇ ‘ನೂತನ ದಂಪತಿಗಳಿಗೆ ಶುಭಾಶಯ’ ಎಂದು ಹಾಕಿ ಪಾರಾದರು. ಏನನ್ನೂ ಓದದೆ ಕೈಮುಗಿಯುವವರಷ್ಟು ಸುರಕ್ಷಿತರು ವಾಟ್ಸಾಪಿನಲ್ಲಿ ಇನ್ಯಾರೂ ಇಲ್ಲ.

ಆಮೇಲೆ ಗಲ್ಲಿಯ ಹಿರಿಯರು ಸಭೆ ಸೇರಿದರು. ವಾಟ್ಸಾಪಿನಲ್ಲೇ ಎರಡು ಹಂತದ ಪಿನ್ ಇಡುವ ಸೆಟ್ಟಿಂಗ್ ಇದೆ, ಗೊತ್ತಿಲ್ಲದವರು ನಮ್ಮನ್ನು ಗ್ರೂಪಿಗೆ ಎಳೆಯದ ಹಾಗೆ ಮಾಡುವ ಸೆಟ್ಟಿಂಗೂ ಇದೆ ಎಂದು ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಹೇಳಿದಳು. “ಅದೆಲ್ಲಾ ನಮಗ ತಿಳಿಯೂದಿಲ್ಲವ್ವಾ” ಅಂದರು. ಅದರ ಬದಲು ‘ಗಲ್ಲಿ ಸೈಬರ್ ಸುರಕ್ಷಾ’ ಎಂಬ ಹೊಸ ಗ್ರೂಪ್ ಮಾಡಿ, ಸೇರುವ ಲಿಂಕನ್ನು ಊರಿಗೆಲ್ಲ ಫಾರ್ವರ್ಡ್ ಮಾಡಿದರು. ಮೊದಲು ಸೇರಿದ ನಂಬರ್ ಯಾರದೆಂದು ಯಾರಿಗೂ ಗೊತ್ತಿಲ್ಲ. ಡಿಪಿಯಲ್ಲಿ ಪೊಲೀಸ್ ಸಾಹೇಬರ ಫೋಟೋ ಇದೆ. ಅವರನ್ನೇ ಅಡ್ಮಿನ್ ಮಾಡಿದ್ದಾರೆ.