ಹಸಿರು ಎಮ್ಮೆಯ ನೋಟು

ಹಳೇ ನೋಟು ಕೂಡಿಡುವ ಹುಚ್ಚು ನನಗೆ. ವಿಯೆಟ್ನಾಂ ಯುದ್ಧದ ನೋಟು ಅಂದರೆ ಸಾಕು, ನಮ್ಮ ಬಳಗದವರೆಲ್ಲ ಅಮೆರಿಕದ ಸೈನಿಕರಿಗೆ ಡಾಲರ್ ಬದಲು ಕೊಡುತ್ತಿದ್ದ ಬಣ್ಣಬಣ್ಣದ ಚೀಟಿಗಳ ಹಿಂದೆ ಬೀಳುತ್ತಾರೆ. ಚೆಂದ ಇವೆ, ಇಲ್ಲ ಅನ್ನಲ್ಲ. ನನ್ನ ಕಣ್ಣು ಮಾತ್ರ ಅದಕ್ಕೂ 20 ವರ್ಷ ಹಿಂದೆ ಹೊಸ ವಿಯೆಟ್ನಾಂ ಸರ್ಕಾರವೇ ಅಚ್ಚು ಹಾಕಿಸಿದ ಒರಟು ಕಾಗದದ ನೋಟಿನ ಮೇಲೆ.

1945ರ ಸೆಪ್ಟೆಂಬರ್ 2ರಂದು ವಿಯೆಟ್ನಾಂ ನಾಯಕ ಹೋ ಚಿ ಮಿನ್ ಸ್ವಾತಂತ್ರ್ಯ ಸಾರಿದಾಗ ಖಜಾನೆಯಲ್ಲಿ ಇದ್ದದ್ದು ಸುಮಾರು 12.5 ಲಕ್ಷ ಪಿಯಾಸ್ಟರ್ (ಅಲ್ಲಿ ಆಳುತ್ತಿದ್ದ ಫ್ರೆಂಚರ ಕಾಲದ ಹಣ). ಅದರಲ್ಲೂ ಹತ್ತಿರ ಹತ್ತಿರ ಅರ್ಧ ಹರಿದ ನೋಟುಗಳೇ! ನೋಟು ಹೊರಡಿಸುವ ಇಂಡೋಚೀನಾ ಬ್ಯಾಂಕ್ ಫ್ರೆಂಚರ ಕೈಯಲ್ಲೇ ಉಳಿಯಿತು. ಉತ್ತರಕ್ಕೆ ಬಂದಿಳಿದ ಚೀನಾ ಸೈನ್ಯ ಬೆಲೆಯಿಲ್ಲದ ತನ್ನ ನೋಟುಗಳನ್ನು ಅಂಗಡಿಯವರ ಕೈಗೆ ತುರುಕಿತು. ಇದು ಸಾಲದು ಅಂತ ನವೆಂಬರ್‌ನಲ್ಲಿ ಫ್ರೆಂಚರು 500 ಪಿಯಾಸ್ಟರ್ ನೋಟು ರದ್ದು ಮಾಡಿದರು. (ನವೆಂಬರ್, 500ರ ನೋಟು... ನಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.)

ಆ ಸೆಪ್ಟೆಂಬರ್‌ನಲ್ಲೇ 'ಚಿನ್ನದ ವಾರ' ನಡೆಯಿತು. ಜನ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಸೇರಿದ್ದು 370 ಕಿಲೋ ಚಿನ್ನ. ದೋ ದಿನ್ ಥಿಯೆನ್ ಎಂಬ ಸಾಹುಕಾರ ಹನೋಯ್‌ನಲ್ಲಿ ಫ್ರೆಂಚರ ಒಂದು ಪ್ರೆಸ್ಸನ್ನೇ ಕೊಂಡು ಸರ್ಕಾರಕ್ಕೆ ಕೊಟ್ಟುಬಿಟ್ಟರು. ಹೊಸ ಸರ್ಕಾರ ತನ್ನದೇ ನೋಟು ಹೊರಡಿಸಿತು. ಆಮೇಲೆ ನೋಟಿನ ಅಚ್ಚು ಥಿಯೆನ್ ಅವರದೇ ಚಿ ನೆ ತೋಟಕ್ಕೆ ಹೋಯಿತು. ಫ್ರೆಂಚ್ ವಿಮಾನಗಳು ಅಲ್ಲಿಗೂ ಬಂದು ಬಾಂಬು ಹಾಕಿದವು.

ಜನ ಈ ಹೊಸ ನೋಟನ್ನು 'ಹೋ ಅಜ್ಜನ ನೋಟು' ಅಂದರು. 100 ಡಾಂಗ್ (ಹೊಸ ಹಣದ ಹೆಸರು) ನೋಟಿನಲ್ಲಿ ಎಮ್ಮೆ ಇತ್ತು, ಹಾಗಾಗಿ ಅದು 'ಹಸಿರು ಎಮ್ಮೆ'. ಅವರ ಭಾಷೆಯಲ್ಲಿ ಹಸಿರಿಗೂ ನೀಲಿಗೂ ಒಂದೇ ಪದವಂತೆ, ನಿಮಗೆ ಬೇಕಾದ ಬಣ್ಣ ಅಂದುಕೊಳ್ಳಿ. ಚಿತ್ರ ಬರೆದವರು ನುಯೆನ್ ಸಾಂಗ್, ಮಾಯ್ ವಾನ್ ಹಿಯೆನ್‌ರಂಥ ಒಳ್ಳೇ ಕಲಾವಿದರು. ಕಾಗದದ್ದೇ ಪಾಡು. ನನ್ನ ಹತ್ತಿರ ಇರುವ ನೋಟಿನ ಮಡಿಕೆ ಸವೆದು ಆಚೆಯ ಬೆಳಕು ಕಾಣುತ್ತದೆ. ಯಾರೋ ಎಷ್ಟು ಸಲ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೋ!

'ಜನ ನಂಬಿದರು, ನೋಟು ಓಡಿತು' ಅಂತ ಬರೆಯುವವರು ಜಾಸ್ತಿ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಫ್ರೆಂಚರ ಜತೆಗಿನ ಯುದ್ಧದ ಖರ್ಚಿಗೆ ನೋಟು ಅಚ್ಚು ಹಾಕುತ್ತಾ ಹೋದರೆ ಬೆಲೆ ಸುಮ್ನೆ ಕೂರುತ್ತದಾ? ಭತ್ತ ಕೊಟ್ಟು ನೋಟು ಇಸಕೊಂಡ ರೈತನೇ ಅದರ ಪೆಟ್ಟು ತಿಂದದ್ದು. ಯಾರೂ ರಸೀದಿ ಕೊಡದ ತೆರಿಗೆ ಅದು. 1951ರಲ್ಲಿ ರಾಷ್ಟ್ರೀಯ ಬ್ಯಾಂಕ್ ಶುರುವಾಗಿ ಹಳೇ 10 ಡಾಂಗ್‌ಗೆ ಹೊಸದು 1 ಅಂದರು. 1959ರಲ್ಲಿ ಆ 1000ಕ್ಕೆ ಮತ್ತೆ 1. ಲೆಕ್ಕ ಹಾಕಿ ನೋಡಿ: ಒಬ್ಬ ರೈತನ ಪೆಟ್ಟಿಗೆಯಲ್ಲಿ ನೂರು ಹಸಿರು ಎಮ್ಮೆಗಳಿದ್ದರೆ, 14 ವರ್ಷದೊಳಗೆ ಅದು ಒಂದೇ ಒಂದು ಡಾಂಗ್.